ಕಲ್ಲಿನಿಂದ ಆವಿಗೆ: ಸಿಲಿಕಾ ಗಾಜಿನ ಇತಿಹಾಸ

ಮರಳಿಗೆ ಸೋಡಾ, ಸುಣ್ಣ ಬೆರೆಸಿದರೆ ಕುಲುಮೆಯ ಕೆಲಸ ಹಗುರಾಗುತ್ತದೆಯಾದರೂ, ಹಾಗೆ ತಯಾರಾದ ಮಾಮೂಲಿ ಗಾಜು ನೇರಳಾತೀತ ಕಿರಣಗಳನ್ನು, ಅಂದರೆ ಕಣ್ಣಿಗೆ ಕಾಣುವ ನೇರಳೆ ಬೆಳಕಿಗಿಂತ ಕಿರಿದಾದ ತರಂಗಾಂತರದ ಕಿರಣಗಳನ್ನು, ಬಹುಪಾಲು ತಡೆದುಬಿಡುತ್ತದೆ. ಬೆಣಚುಕಲ್ಲಿನ ಹರಳು ಅವನ್ನು ಹಾಯಗೊಡುತ್ತದೆಂದು ಕೇಂಬ್ರಿಜ್‌ನ ಜಾರ್ಜ್ ಸ್ಟೋಕ್ಸ್ 1852ರಲ್ಲಿ ತೋರಿಸಿದ್ದರು. ಆದರೆ ಆ ಹರಳನ್ನೇ, ಬೇರೇನೂ ಬೆರೆಸದೆ, ಗಾಜಾಗಿಸುವುದು ಸುಲಭವಿರಲಿಲ್ಲ.

ಆ ಹರಳಿನ ದ್ರವ್ಯವಾದ ಸಿಲಿಕಾ ಕರಗಲು ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅದಕ್ಕೆ ಬಹಳ ಮೊದಲೇ, 573 ಡಿಗ್ರಿಯಲ್ಲಿ, ಹರಳಿನ ಒಳರಚನೆ ಬದಲಾಗಿ ಅದು ಥಟ್ಟನೆ ಹಿಗ್ಗಿ ಸೀಳುತ್ತದೆ. ಸೀಳುಗಳಲ್ಲಿ ಸಿಕ್ಕ ಗಾಳಿ, ಕರಗಿದ ಸಿಲಿಕಾ ಬೆಲ್ಲದ ಗಟ್ಟಿ ಪಾಕದಂತೆ ಅಂಟಾಗಿರುವುದರಿಂದ, ಮೇಲೇಳಲಾರದೆ ಗುಳ್ಳೆಯಾಗಿ ಉಳಿಯುತ್ತದೆ. ಒಳ್ಳೆಯ ಬಿಲ್ಲೆ ಕೈಗೆಟುಕುವ ಮೊದಲು ದಕ್ಕಿದ್ದು ಎಳೆ. 1887ರಲ್ಲಿ ಲಂಡನ್ನಿನ ಚಾರ್ಲ್ಸ್ ವರ್ನನ್ ಬಾಯ್ಸ್ ಕರಗಿದ ಸಿಲಿಕಾವನ್ನು ಹಗುರಾದ ಬಾಣಕ್ಕೆ ಅಂಟಿಸಿ, ಪುಟ್ಟ ಅಡ್ಡಬಿಲ್ಲಿನಿಂದ ಹಾರಿಸಿ, ಹಿಂದೆ ಜಗ್ಗಿಬಂದ ಸೂಕ್ಷ್ಮ ದಾರವನ್ನು ಹಿಡಿದರು. ತಿರುಚಿ ಬಿಟ್ಟರೆ ಇದ್ದಲ್ಲಿಗೇ ಮರಳುವ ಆ ಎಳೆಯನ್ನು ಬಳಸಿ ಅವರು ಗುರುತ್ವ ಸ್ಥಿರಾಂಕವನ್ನೂ ಅಳೆದರು.

ಪ್ಲಾಟಿನಂ ಕರಗಿಸುವುದರಲ್ಲಿ ಪಳಗಿದ್ದ ಜರ್ಮನಿಯ ಹನಾವು ಪಟ್ಟಣದ ಹೆರೇಯಸ್ ಕಾರ್ಖಾನೆಯಲ್ಲಿ ರಿಚರ್ಡ್ ಕ್ಯೂಖ್ 1899ರಲ್ಲಿ ಜಲಜನಕ ಮತ್ತು ಆಮ್ಲಜನಕಗಳ ಉರಿಯಿಂದ ಗುಳ್ಳೆಯಿಲ್ಲದ ಗಾಜನ್ನು ಪಡೆದರು. ಗುಳ್ಳೆ ಹೋಯಿತು, ಆದರೆ ಗಣಿಯ ಕಲ್ಲಿನಲ್ಲಿದ್ದ ಲೋಹಾಂಶದ ಕಲ್ಮಷ ಉಳಿಯಿತು. ನಿಜವಾದ ತಿರುವು ಬಂದದ್ದು ಕಲ್ಲನ್ನೇ ಕೈಬಿಟ್ಟಾಗ ಎನ್ನಬೇಕು. ಅಮೆರಿಕದ ಕಾರ್ನಿಂಗ್ ಕಂಪನಿಯ ಫ್ರಾಂಕ್ಲಿನ್ ಹೈಡ್ 1934ರಲ್ಲಿ ಸಿಲಿಕಾನ್ ಟೆಟ್ರಾಕ್ಲೋರೈಡ್ ಎಂಬ ದ್ರವದ ಆವಿಯನ್ನು ಉರಿಗೆ ಹಾಯಿಸಿ, ಅಲ್ಲಿ ಹುಟ್ಟಿದ ಸಿಲಿಕಾದ ನುಣ್ಣನೆಯ ಕಣಗಳನ್ನು ಗಾಜಾಗಿ ಕೂಡಿಸಿದರು. ಸುಮಾರು 57 ಡಿಗ್ರಿಯಲ್ಲೇ ಕುದಿಯುವ ಆ ದ್ರವವನ್ನು ಬಟ್ಟಿಯಿಳಿಸಿ ಶುದ್ಧಿಮಾಡುವುದು ಕಲ್ಲನ್ನು ತೊಳೆದು ಆರಿಸುವುದಕ್ಕಿಂತ ಎಷ್ಟೋ ಸುಲಭ.

ಇಂಥ ಗಾಜಿನ ಬಿಲ್ಲೆ 200 ನ್ಯಾನೊಮೀಟರ್‌ಗಿಂತ ಕಿರಿದಾದ ಕಿರಣಗಳನ್ನೂ ಬಿಡುವುದರಿಂದ ಚಿಪ್ ತಯಾರಿಕೆಯಲ್ಲಿ ವಿನ್ಯಾಸದ ಅಚ್ಚುಪಟ್ಟಿಗೆ ತಳವಾಯಿತು. 260 ನ್ಯಾನೊಮೀಟರ್ ಆಸುಪಾಸಿನ ಕಿರಣಗಳನ್ನು ಹೀರುವ ಡಿಎನ್‌ಎಯನ್ನು ಅಳೆಯುವ ಪ್ರಯೋಗಾಲಯಗಳಿಗೆ ಸಿಲಿಕಾ ಗಾಜಿನ ಪುಟ್ಟ ಪಾತ್ರೆಗಳು ಒದಗಿದವು. ಕಾಯಿಸಿದಾಗ ಅದು ಹಿಗ್ಗುವುದೂ ಮಾಮೂಲಿ ಗಾಜಿನ ಸುಮಾರು 15ರಲ್ಲಿ ಒಂದು ಪಾಲು ಮಾತ್ರ, ಹಾಗಾಗಿ ಕೆಂಪಗೆ ಕಾದದ್ದನ್ನು ನೀರಿಗದ್ದಿದರೂ ಸಾಮಾನ್ಯವಾಗಿ ಒಡೆಯದು. ಆದರೂ ಹೈಡ್ ವಿಧಾನದ ಗಾಜು ಎಲ್ಲಕ್ಕೂ ಸಲ್ಲುವುದಿಲ್ಲ: ಉರಿಯಲ್ಲಿನ ನೀರಿನಂಶ ಅದರೊಳಗೆ ಸೇರಿಕೊಂಡು 2.7 ಮೈಕ್ರೊಮೀಟರ್ ಸುಮಾರಿನ ಅವಕೆಂಪು ಕಿರಣಗಳನ್ನು ಹೀರುತ್ತದೆ, ಆದ್ದರಿಂದ ಆ ಕಿರಣಗಳನ್ನು ಹಾಯಿಸಬೇಕಾದ ಕೆಲಸಕ್ಕೆ ನೀರಿನಂಶ ತೆಗೆದ ಬೇರೆಯೇ ಬಗೆಯ ಸಿಲಿಕಾ ಗಾಜನ್ನು ತಯಾರಿಸಬೇಕಾಗುತ್ತದೆ.