ಹೂಂಗುಟ್ಟಿದವರ ಇತಿಹಾಸ

ಕಥೆ ಹೇಳಿದವರ ಇತಿಹಾಸ ಕನ್ನಡದಲ್ಲಿ ವಿಪುಲವಾಗಿದೆ. ಆರ್. ನರಸಿಂಹಾಚಾರ್ಯರ ‘ಕರ್ನಾಟಕ ಕವಿಚರಿತೆ’ಯ ಮೂರು ಸಂಪುಟಗಳನ್ನು ತೆರೆದರೆ ಕವಿಯ ಕಾಲ, ಮತ, ಆಶ್ರಯದಾತ, ಬಿರುದು ಎಲ್ಲವೂ ದೊರೆಯುತ್ತವೆ. ಆದರೆ ಆ ಕಥೆಯ ಮುಂದೆ ಕುಳಿತು ‘ಹೂಂ’ ಎಂದವರು ಯಾರು, ಕಥೆ ಮುಗಿದ ಮೇಲೆ ಜಗಲಿಯಲ್ಲಿ ಅವರು ಏನೇನು ವಾದಿಸಿದರು, ಯಾವ ಪಾತ್ರದ ಪಕ್ಷ ವಹಿಸಿ ಮುನಿಸಿಕೊಂಡರು ಎಂಬುದನ್ನು ಬರೆದಿಟ್ಟವರು ವಿರಳ. ಹರಟೆಗೆ ಶಾಸನ ಹಾಕಿಸುವ ರೂಢಿ ನಮ್ಮಲ್ಲಿಲ್ಲ.

ಈ ಮಾತು ನೆನಪಾಗಲು ಕಾರಣ ಗೋವೆಯ ಇಂದಿನ ಕನ್ನಡ ಮನೆಗಳು. ವಾಸ್ಕೋ, ಜುವಾರಿನಗರ, ಮಡಗಾಂವ್‌ಗಳಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಸಂಜೆಯಾದರೆ ಮೊಬೈಲಿನಲ್ಲಿ ಆಡುವ ಆಟಗಳ ಬಗ್ಗೆ, ಮಾಂತ್ರಿಕರೂ ಡ್ರ್ಯಾಗನ್ನುಗಳೂ ತುಂಬಿದ ದಪ್ಪ ದಪ್ಪ ಇಂಗ್ಲಿಷ್ ಕಾದಂಬರಿಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಯಾರ ಕತ್ತಿ ಹೆಚ್ಚಿನದು, ಯಾವ ಪಾತ್ರ ಸಾಯಬಾರದಿತ್ತು, ಮುಂದಿನ ಭಾಗದಲ್ಲಿ ಏನಾಗಬಹುದು ಎಂಬುದೇ ಅವರ ಚರ್ಚೆ. ಹಿರಿಯರಿಗೆ ಇದು ಹೊರಗಿನಿಂದ ಬಂದ ಹೊಸ ವ್ಯಸನವಾಗಿ ಕಾಣುತ್ತದೆ. ಕಾಲಹರಣವೆಂಬ ದೂರು ಇರಲಿ. ಹೊಸದೆಂಬ ದೂರಿಗೆ ಮಾತ್ರ ಇತಿಹಾಸದ ಸಮ್ಮತಿಯಿಲ್ಲ.

ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ನೂರು ಅಧ್ಯಾಯಗಳ ವಿಶ್ವಕೋಶ. ಅದರ ಐದು ವಿಂಶತಿಗಳಲ್ಲಿ ಕೊನೆಯ ಎರಡು ವಿನೋದ ಮತ್ತು ಕ್ರೀಡೆಗಳಿಗೆ ಮೀಸಲು. ರಾಜ್ಯವನ್ನು ಪಡೆಯುವ, ಉಳಿಸಿಕೊಳ್ಳುವ ವಿಚಾರ ಹೇಳಿದ ಅದೇ ಲೇಖನಿ ಕಥಾವಿನೋದಕ್ಕೆ ಒಂದು ಅಧ್ಯಾಯ ಕೊಡುತ್ತದೆ; ಪ್ರಹೇಳಿಕೆ ಎಂಬ ಒಗಟಿನಾಟ, ಚತುರಂಗ, ಪಗಡೆ, ಕವಡೆಯಾಟಗಳನ್ನೂ ಅಷ್ಟೇ ಶ್ರದ್ಧೆಯಿಂದ ವಿವರಿಸುತ್ತದೆ. ಕಥೆ ಕೇಳುವುದೂ ಆಟವಾಡುವುದೂ ಒಂದೇ ಬಳ್ಳಿಯ ಕಾಯಿಗಳೆಂದು ಅರಸನಿಗೆ ತೋರಿತ್ತು. ಗೋವೆಯವರಾದ ನಮಗೆ ಇಲ್ಲೊಂದು ನಂಟೂ ಇದೆ. ಸೋಮೇಶ್ವರನ ತಂದೆ ಆರನೆಯ ವಿಕ್ರಮಾದಿತ್ಯನ ಮಗಳು ಮೈಲಲದೇವಿಯನ್ನು ವರಿಸಿದವನು ಗೋವೆಯ ಕದಂಬ ಅರಸ ಎರಡನೆಯ ಜಯಕೇಶಿ. ಗೋಪಕಪಟ್ಟಣ, ಎಂದರೆ ಇಂದಿನ ಗೋವಾ ವೆಲ್ಹಾ, ಅವನ ರಾಜಧಾನಿ. ಮಾನಸೋಲ್ಲಾಸವನ್ನು ಬರೆದವನು ಗೋವೆಯ ದೊರೆಗೆ ಭಾವಮೈದುನನಾಗಿದ್ದನು.

ಅದೇ ಶತಮಾನದಲ್ಲಿ ನೇಮಿಚಂದ್ರನ ‘ಲೀಲಾವತಿ ಪ್ರಬಂಧ’ ಬಂದಿತು. ಬನವಾಸಿಯ ಕದಂಬ ರಾಜಕುಮಾರ ಕಂದರ್ಪನು ಕನಸಿನಲ್ಲಿ ಕಂಡ ಕನ್ಯೆಯನ್ನು ಅರಸಿ ಹೊರಡುವ ಕಥೆಯದು. ಅವಳೂ ಇವನನ್ನು ಕನಸಿನಲ್ಲಿಯೇ ಕಂಡಿರುತ್ತಾಳೆ. ಅದ್ಭುತರಸದ ಕಥೆಗೆ ಕನ್ನಡದಲ್ಲಿ ಬರವಿರಲಿಲ್ಲ. ಬರವಿದ್ದುದು ಅದನ್ನು ಕೇಳಿದವರ ದನಿಗೆ.

ಆ ದನಿಯನ್ನು ಕಾಗದದ ಮೇಲೆ ಮನಸಾರೆ ಕೇಳಿಸಿದವನು ನಂದಳಿಕೆಯ ಲಕ್ಷ್ಮೀನಾರಾಯಣಪ್ಪ, ನಾವೆಲ್ಲ ಬಲ್ಲ ಮುದ್ದಣ. 1870ರಲ್ಲಿ ಹುಟ್ಟಿ 1901ರಲ್ಲಿಯೇ ತೀರಿಕೊಂಡ ಈತ ಉಡುಪಿಯಲ್ಲಿ ಮಕ್ಕಳಿಗೆ ಅಂಗಸಾಧನೆ ಕಲಿಸುತ್ತಿದ್ದ ಬಡ ಉಪಾಧ್ಯಾಯ. ತನ್ನ ಕೃತಿಗಳನ್ನು ತನ್ನವೆಂದು ಹೇಳಿಕೊಳ್ಳದೆ, ಹಳೆಯ ಕವಿಯವೆಂಬ ಭ್ರಮೆ ಹುಟ್ಟಿಸಿ ಮೈಸೂರಿನ ಸಂಪಾದಕರಿಗೆ ಕಳಿಸಿಕೊಡುತ್ತಿದ್ದನು. ‘ಶ್ರೀರಾಮಾಶ್ವಮೇಧ’ದಲ್ಲಿ ಕುದುರೆಯ ಹಿಂದೆ ಹೊರಟ ಸೇನೆ, ಯುದ್ಧ, ವಿಸ್ಮಯ ಎಲ್ಲವೂ ಇವೆ. ಆದರೆ ನೂರು ವರ್ಷಗಳಾಚೆಗೂ ಓದುಗರ ನಾಲಗೆಯ ಮೇಲೆ ಉಳಿದುದು ಆ ಯುದ್ಧವಲ್ಲ, ಕವಿ ಮತ್ತು ಅವನ ಮಡದಿ ಮನೋರಮೆಯ ಮಾತುಕತೆ. ಮಳೆಗಾಲದಲ್ಲಿ ಹೊತ್ತು ಹೋಗದೆಂದು ಆಕೆ ಕಥೆ ಕೇಳುತ್ತಾಳೆ. ಯಾವ ಕಥೆ ಬೇಕು, ಯಾವುದು ಬೇಡ ಎಂದು ಆರಿಸುತ್ತಾಳೆ. ಪದ್ಯ ಬೇಡ, ಗದ್ಯವಾಗಲಿ ಎನ್ನುತ್ತಾಳೆ. ಅರ್ಥವಾಗದ ಸಂಸ್ಕೃತ ಬಂದರೆ ತಡೆಯುತ್ತಾಳೆ. ನಡುನಡುವೆ ಹಾಸ್ಯ ಮಾಡುತ್ತಾಳೆ, ಮುನಿಯುತ್ತಾಳೆ. ಕವಿ ಅವಳಿಗೆ ಮಣಿಯುತ್ತಾನೆ. ಇಂದಿನ ಮಕ್ಕಳು ಒಂದು ಕಾದಂಬರಿಯ ಬಗ್ಗೆ ಪರಸ್ಪರ ಆಡುವ ಮಾತೆಲ್ಲ ಈ ದಂಪತಿಯ ಸರಸದಲ್ಲಿ ಬೀಜರೂಪದಲ್ಲಿದೆ. ಕೇಳುಗಳನ್ನೇ ಕೃತಿಯ ಒಳಗೆ ಕೂರಿಸಿ ಅವಳಿಗೆ ಕತ್ತರಿಯನ್ನೂ ಕೊಟ್ಟ ಈ ಧೈರ್ಯ ನಮ್ಮ ಸಾಹಿತ್ಯದಲ್ಲಿ ಅಪೂರ್ವವಾದುದು. ವಿಮರ್ಶಕರು ಮುದ್ದಣನ ಭಾಷೆಯನ್ನು ಹೊಗಳುವಾಗ ಮನೋರಮೆಯ ಪಾಲನ್ನು ತುಸು ಕಡಿಮೆಯೇ ಲೆಕ್ಕಿಸಿದ್ದಾರೆಂದು ನನಗನಿಸುತ್ತದೆ.

ಅಚ್ಚಿನ ಕಾಲ ಬಂದಾಗ ಕೇಳುಗರು ಚದುರಿದರು, ಆದರೆ ಮೌನವಾಗಲಿಲ್ಲ. 1947ರ ಜುಲೈಯಲ್ಲಿ ಬಿ. ನಾಗಿರೆಡ್ಡಿ, ಚಕ್ರಪಾಣಿಯವರು ಮದರಾಸಿನಿಂದ ತೆಲುಗು, ತಮಿಳುಗಳಲ್ಲಿ ಆರಂಭಿಸಿದ ‘ಚಂದಮಾಮ’ ಬೇಗನೆ ಕನ್ನಡಕ್ಕೂ ಬಂದಿತು. ಅದರ ಬೇತಾಳ ಕಥೆಗಳ ರಚನೆಯನ್ನು ಗಮನಿಸಿ. ವಿಕ್ರಮನ ಹೆಗಲೇರಿದ ಬೇತಾಳ ಕಥೆ ಹೇಳಿ, ಕೊನೆಯಲ್ಲಿ ಪ್ರಶ್ನೆ ಹಾಕುತ್ತದೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಿಡಿಯುತ್ತದೆ. ಹೇಳಿದರೆ ಮೌನ ಮುರಿದು ಬೇತಾಳ ಮರಕ್ಕೆ ಹಾರುತ್ತದೆ. ಅರಸನ ಉತ್ತರವನ್ನು ಕೈಯಿಂದ ಮುಚ್ಚಿಟ್ಟು ‘ನೀ ಹೇಳು ನೋಡೋಣ’ ಎಂದು ಅಣ್ಣತಮ್ಮಂದಿರು ವಾದಿಸದ ಮನೆ ಯಾವುದಿತ್ತು? ಗೆದ್ದರೂ ಆಟ ಮತ್ತೆ ಮೊದಲಿನಿಂದ. ಇಂದಿನ ಆಟಗಳನ್ನು ಹೆಣೆಯುವವರು ಇದಕ್ಕಿಂತ ಚತುರವಾದ ಉಪಾಯವನ್ನೇನೂ ಕಂಡುಹಿಡಿದಿಲ್ಲ. 1960ರ ದಶಕದಲ್ಲಿ ‘ಅಮರ ಚಿತ್ರಕಥೆ’ಯ ಮೊದಲ ಹತ್ತು ಪುಸ್ತಕಗಳು ಬೆಂಗಳೂರಿನಿಂದ ಕನ್ನಡದಲ್ಲಿ ಹೊರಟವು, ಅವು ಪಾಶ್ಚಾತ್ಯ ಕಿನ್ನರಕಥೆಗಳಾಗಿದ್ದವು ಎಂಬುದನ್ನು ಅನೇಕರು ಮರೆತಿದ್ದಾರೆ. ಇಂಗ್ಲಿಷ್ ಮಾಲೆಯಲ್ಲಿ ‘ಕೃಷ್ಣ’ನಿಗೆ 11ನೆಯ ಸಂಖ್ಯೆ ಬಂದುದು ಆ ಕಾರಣದಿಂದಲೇ. ಪರದೇಶದ ಮಾಯಾಲೋಕ ಕನ್ನಡ ಮಕ್ಕಳ ಬಾಯಲ್ಲಿ ಕನ್ನಡವಾಗಿಯೇ ಹರಿದ ಕಾಲವೊಂದಿತ್ತು.

ಇನ್ನು ಪಾತ್ರ ವಹಿಸಿ ಆಡುವ ಆಟದ ವಿಚಾರ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದರು. ಮೇಜಿನ ಸುತ್ತ ಕುಳಿತವರಲ್ಲಿ ಒಬ್ಬ ಕಥೆಯನ್ನು ನಡೆಸುತ್ತಾನೆ. ಉಳಿದವರು ತಾವು ವಹಿಸಿದ ಪಾತ್ರವಾಗಿ ಮಾತಾಡುತ್ತಾರೆ. ಫಲವನ್ನು ದಾಳ ನಿರ್ಣಯಿಸುತ್ತದೆ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಇಂಥದೇ ಲೋಕವನ್ನು ಗಣಕಯಂತ್ರದಲ್ಲಿ ಕಟ್ಟಿದಾಗ ಚಿತ್ರಗಳಿರಲಿಲ್ಲ. ಅಕ್ಷರಗಳಲ್ಲಿಯೇ ನಡೆದಾಟ, ಕಾದಾಟ, ಹರಟೆ. ಇಂದಿನ ಆನ್‌ಲೈನ್ ಆಟಗಳ ಪೂರ್ವಜರು ಇವು.

ಕರಾವಳಿಯ ಕನ್ನಡಿಗರಿಗೆ ಇದನ್ನು ಓದಿದಾಗ ತಾಳಮದ್ದಳೆ ನೆನಪಾಗದೆ ಇರದು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ ಹಾಡುತ್ತಾರೆ. ಪಂಚೆ, ಶಲ್ಯ ಉಟ್ಟು ಕುಳಿತ ಅರ್ಥಧಾರಿ ಆ ಕ್ಷಣದಲ್ಲಿ ರಾವಣನಾಗಿ, ಕರ್ಣನಾಗಿ ಮಾತಾಡಬೇಕು. ಬರೆದುಕೊಟ್ಟ ಸಂಭಾಷಣೆಯಿಲ್ಲ. ಎದುರಿನವನು ಯಾವ ಪ್ರಶ್ನೆ ಎಸೆಯುವನೆಂಬುದು ತಿಳಿಯದು. ವಾಲಿ ಕೊನೆಗೆ ಬೀಳಲೇಬೇಕು, ಅದು ಪ್ರಸಂಗದ ಕಟ್ಟು. ಆದರೆ ಬೀಳುವ ಮೊದಲು ರಾಮನನ್ನು ವಾದದಲ್ಲಿ ಎಷ್ಟು ಹೊತ್ತು ನಿಲ್ಲಿಸಿಯಾನು ಎಂಬುದು ಅರ್ಥಧಾರಿಯ ಕೈಯಲ್ಲಿದೆ. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006), ಮಲ್ಪೆಯ ಸಾಮಗ ಸಹೋದರರು ಈ ಕಲೆಯನ್ನು ಎತ್ತರಕ್ಕೇರಿಸಿದರು. ದಾಳವಿಲ್ಲದ ಈ ಆಟದಲ್ಲಿ ನಿರ್ಣಯ ಶ್ರೋತೃಗಳದು. ರಾತ್ರಿಯ ಕೂಟ ಮುಗಿದರೂ ಮರುದಿನ ಹೋಟೆಲಿನ ಮೇಜಿನ ಮೇಲೆ, ಬಸ್ಸಿನಲ್ಲಿ, ಅಡಕೆ ತೋಟದಲ್ಲಿ ಅದು ಮುಂದುವರಿಯುತ್ತದೆ. ಗೋವೆಯಲ್ಲಿ ಬಹುಸಂಖ್ಯೆಯಲ್ಲಿರುವ ಉತ್ತರ ಕರ್ನಾಟಕದವರಿಗೆ ಇದೇ ಸವಿಯನ್ನು ಕೊಟ್ಟದ್ದು ಕುಲಗೋಡ ತಮ್ಮಣ್ಣನ ‘ಶ್ರೀಕೃಷ್ಣ ಪಾರಿಜಾತ’. ಸತ್ಯಭಾಮೆಯ ಗರ್ವವನ್ನು ಕೆಣಕುವ ದೂತಿಯ ಮಾತು ಪ್ರೇಕ್ಷಕರ ಮಾತೇ ಆಗಿರುತ್ತದೆ.

(ಗೋವೆಯಲ್ಲಿ ‘ಆಟ’ ಎಂದೊಡನೆ ಮಾಂಡವಿಯ ಮೇಲೆ ತೇಲುವ ಕ್ಯಾಸಿನೊಗಳು ನೆನಪಾಗುವುದು ಸಹಜ. 1976ರ ಜೂಜು ಕಾಯಿದೆಗೆ 1990ರ ದಶಕದಲ್ಲಿ ಆದ ತಿದ್ದುಪಡಿಗಳ ಫಲ ಅವು. ಹಣವೊಡ್ಡುವ ಆನ್‌ಲೈನ್ ಆಟಗಳನ್ನೂ ಬರಿಯ ಆಟಗಳನ್ನೂ 2025ರ ಕೇಂದ್ರ ಕಾಯಿದೆ ಬೇರೆ ಬೇರೆಯಾಗಿ ಕಂಡಿದೆ. ಧರ್ಮರಾಯನ ಪಗಡೆಯನ್ನೂ ಮನೆಯ ಚೌಕಾಬಾರವನ್ನೂ ಒಂದೇ ತಕ್ಕಡಿಯಲ್ಲಿ ತೂಗದ ನಮ್ಮ ಅಜ್ಜಿಯರಿಗೆ ಈ ಭೇದ ಮೊದಲೇ ತಿಳಿದಿತ್ತು.)

ಹಾಗಾದರೆ ಹೊಸದೇನು? ಮಾತಿನ ಭಾಷೆ ಮತ್ತು ಲಿಪಿ. 2011ರ ಜನಗಣತಿಯಂತೆ ಗೋವೆಯಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು ಶೇಕಡ 4.6ರಷ್ಟು. ಅವರ ಮಕ್ಕಳಲ್ಲಿ ಎಷ್ಟೋ ಮಂದಿ ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಕೊಂಕಣಿ, ಮರಾಠಿಗಳನ್ನು ಕಲಿತು ಕನ್ನಡವನ್ನು ಮನೆಯಲ್ಲಿ ಕಿವಿಯಿಂದ ಮಾತ್ರ ಬಲ್ಲವರು. ಯುನಿಕೋಡ್ 1991ರಲ್ಲಿಯೇ ಕನ್ನಡಕ್ಕೆ ಸ್ಥಾನ ಕೊಟ್ಟಿತು, 1998ರಲ್ಲಿ ‘ಬರಹ’ ತಂತ್ರಾಂಶ ಬಂದಿತು. ಆದರೂ ಆಟದ ನಡುವೆ ಬೆರಳು ಓಡುವುದು ರೋಮನ್ ಅಕ್ಷರಗಳ ಮೇಲೆಯೇ. ಅದನ್ನು ಕಂಡು ಮರುಗುವವರಿಗೆ ಈ ನೆಲದ ಒಂದು ಪೂರ್ವಕಥೆಯನ್ನು ಹೇಳಬೇಕು. 16ನೆಯ ಶತಮಾನದಲ್ಲಿ ಇಲ್ಲಿ ಕೊಂಕಣಿಗೆ ಗೋಯ್ಕಾನಡಿ ಎಂಬ ಲಿಪಿ ಬಳಕೆಯಲ್ಲಿತ್ತು. ಹೆಸರೇ ಸೂಚಿಸುವಂತೆ ಅದು ಕನ್ನಡ ಲಿಪಿಯ ಬಂಧು. ಪೋರ್ಚುಗೀಸರ ಆಳ್ವಿಕೆಯಲ್ಲಿ ದೇಶಭಾಷೆಯ ಪುಸ್ತಕಗಳು ನಾಶವಾದವು. ಆದರೆ ಜೆಸುಯಿಟ್ ಪಾದ್ರಿಗಳು ಭಾಷೆ ಕಲಿಯುವುದಕ್ಕಾಗಿ ರಾಮಾಯಣ, ಮಹಾಭಾರತದ ಕಥೆಗಳನ್ನು ಕೊಂಕಣಿ ಗದ್ಯದಲ್ಲಿ, ರೋಮನ್ ಅಕ್ಷರಗಳಲ್ಲಿ ಬರೆಸಿಕೊಂಡಿದ್ದರು. ಕೆಳೋಶಿಯ ಕೃಷ್ಣದಾಸ ಶಾಮನ ಹೆಸರಿನೊಡನೆ ವಿದ್ವಾಂಸರು ಜೋಡಿಸುವ ಆ ಬರಹಗಳು ಪೋರ್ಚುಗಲ್ಲಿನ ಬ್ರಾಗ ನಗರದ ಗ್ರಂಥಾಲಯದಲ್ಲಿ ಉಳಿದುಕೊಂಡವು. ಲಿಪಿ ಪರದೇಶದ್ದಾದರೂ ಮಾತು ಊರಿನದಾಗಿದ್ದುದರಿಂದ ಕೊಂಕಣಿಗರು ಇಂದು ತಮ್ಮ ಹಳೆಯ ಗದ್ಯವನ್ನು ಅಲ್ಲಿ ಓದುತ್ತಾರೆ.

ಲಿಪಿ ಹೋದರೂ ಮಾತು ಉಳಿಯಬಹುದು. ಮಾತೇ ಹೋದರೆ ಲಿಪಿ ಯಾರಿಗಾಗಿ? ಈ ದೃಷ್ಟಿಯಿಂದ ಇತ್ತೀಚಿನ ಒಂದು ತಿರುವು ಗಮನಾರ್ಹವಾದುದು. ‘ಪಬ್‌ಜಿ’ಯಂಥ ಗುಂಪಿನ ಆಟಗಳಲ್ಲಿ ಬೆರಳಿಗೆ ಬಿಡುವಿಲ್ಲದ ಕಾರಣ ಆಟಗಾರರು ಟೈಪು ಮಾಡದೆ ಬಾಯಿಂದಲೇ ಮಾತಾಡುತ್ತಾರೆ. ಮಾತು ಬಾಯಿಗೆ ಮರಳಿದಾಗ ಮನೆಯ ನುಡಿಯೂ ಮರಳಿತು. 2020ರ ಲಾಕ್‌ಡೌನಿನಲ್ಲಿ ಊರಿಗೆ ಹೋಗಲಾಗದ ನಮ್ಮ ಹುಡುಗರು ಬಾಗಲಕೋಟೆಯ, ಗದಗಿನ ಸೋದರಸಂಬಂಧಿಗಳೊಡನೆ ಒಂದೇ ತಂಡವಾಗಿ ಆಡುತ್ತಿದ್ದರು. ‘ಲೇ, ಹಿಂದ ನೋಡಲೇ, ಮನಿ ಮ್ಯಾಲ ಅದಾನ!’ ಎಂಬ ಕೂಗನ್ನು ಕೇಳಿದವರಿಗೆ ಅದು ಯಾವ ಜಿಲ್ಲೆಯ ಕನ್ನಡವೆಂದು ಹೇಳಬೇಕಾಗಿಲ್ಲ. ಕನ್ನಡ ಓದಲು ಬಾರದ ಮಗು ಅಲ್ಲಿ ಎಚ್ಚರಿಕೆ, ಬೈಗುಳ, ಸಮಾಧಾನ ಎಲ್ಲವನ್ನೂ ಕನ್ನಡದಲ್ಲಿ, ಅದೂ ತಟ್ಟನೆ, ಅರ್ಥಧಾರಿಯಂತೆ ಹೊಳೆದಂತೆ ಆಡುತ್ತಿತ್ತು. ಆ ವರ್ಷ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು, ಅವುಗಳಲ್ಲಿ ಒಂದಾಗಿ ಆ ಆಟವನ್ನೂ ನಿಷೇಧಿಸಿತು. ಮರುವರ್ಷ ಅದು ಬೇರೆ ಹೆಸರಿನಲ್ಲಿ ಬಂದಿತು, 2022ರಲ್ಲಿ ಮತ್ತೆ ತಡೆಯಾಯಿತು, 2023ರಲ್ಲಿ ಪುನಃ ತೆರೆಯಿತು. ಆಟದ ಭದ್ರತೆಯ ವಿಚಾರ ಬಲ್ಲವರು ಹೇಳಲಿ. ನಡುವೆ ಚದುರಿದ ತಂಡಗಳಲ್ಲಿ ಕೆಲವು ಮರಳಿ ಕೂಡಲಿಲ್ಲ, ಆ ಸಂಜೆಗಳ ಕನ್ನಡವೂ ಎಲ್ಲಿಯೂ ದಾಖಲಾಗಲಿಲ್ಲ.

ನಮ್ಮ ಸಂಘಗಳ ಕಡತಗಳಲ್ಲಿ ಉತ್ಸವಗಳ ಚಿತ್ರಗಳಿವೆ, ಅಧ್ಯಕ್ಷರ ಭಾಷಣಗಳಿವೆ. ಗೋವೆಯಲ್ಲಿ ಹುಟ್ಟಿದ ಒಂದು ಪೀಳಿಗೆ ಯಾವ ಕನ್ನಡದಲ್ಲಿ ನಕ್ಕಿತು, ರೇಗಿತು, ಕಥೆಗೆ ಹೂಂಗುಟ್ಟಿತು ಎಂಬುದರ ಧ್ವನಿಮುದ್ರಣ ಒಂದಾದರೂ ಇದ್ದರೆ ಮುಂದೆ ಇತಿಹಾಸ ಬರೆಯುವವರಿಗೆ ಸಿಕ್ಕೀತು. ಮುದ್ರಿಸಲು ಬೇಕಾದ ಯಂತ್ರ ಆ ಹುಡುಗರ ಕೈಯಲ್ಲಿಯೇ ಇದೆ. ಅವರ ಒಪ್ಪಿಗೆ ಕೇಳಿ ಪಕ್ಕದಲ್ಲಿ ಕುಳಿತುಕೊಳ್ಳುವ ಹಿರಿಯರೊಬ್ಬರು ಬೇಕು.