ವಂಶಾವಳಿಯಿಂದ ಲುಪ್ತನಾದ ಪೂರ್ವಜನು: ಕೊಪ್ಪಳ ಸೀಮೆಯನ್ನು ಕುರಿತು ಒಂದು ವಿಚಾರ

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಸೀಮೆಗಳ ಹಳೆಯ ಮನೆತನಗಳಲ್ಲಿ, ವಿಶೇಷವಾಗಿ ಗೌಡಿಕೆ, ಕುಲಕರ್ಣಿಕೆ ಮೊದಲಾದ ವತನಗಳು ನಡೆದುಬಂದ ಮನೆಗಳಲ್ಲಿ, ಹೆಸರೆತ್ತಬಾರದ ಪೂರ್ವಜನೊಬ್ಬನಿರುವುದು ಅಪರೂಪವಲ್ಲ. ಹಿರಿಯರು ಅವನನ್ನು ಕುಲಗೇಡಿಯೆಂದು ಕರೆದು ಮಾತು ಮುಗಿಸುತ್ತಾರೆ. ಇಲ್ಲವೆ ದೇಶಾಂತರ ಹೋದನೆಂದು ಹೇಳಿ ಸುಮ್ಮನಾಗುತ್ತಾರೆ. ಅವನು ಸಾಲಕ್ಕಂಜಿ ಓಡಿಹೋದವನೋ, ಕುಲಾಚಾರವನ್ನು ಮೀರಿದವನೋ, ಸರ್ಕಾರದ ಮೇಲೆ ಕತ್ತಿಯೆತ್ತಿದವನೋ ಎಂಬುದು ಅನೇಕ ವೇಳೆ ಮನೆಯವರಿಗೇ ತಿಳಿದಿರುವುದಿಲ್ಲ. ಇಂಥವನನ್ನು ಹುಡುಕಹೊರಟವರು ಮೊದಲು ಕೈಹಚ್ಚುವುದು ಮನೆಯ ವಂಶಾವಳಿಗೆ. ನಮ್ಮ ಅಭಿಪ್ರಾಯದಲ್ಲಿ ಅವನು ಸಿಕ್ಕುವ ಸಂಭವ ಅತ್ಯಂತ ಕಡಿಮೆಯಿರುವುದು ಅಲ್ಲಿಯೇ.

ಇದಕ್ಕೆ ಕಾರಣವು ವಂಶಾವಳಿಯು ಹುಟ್ಟಿದ ರೀತಿಯಲ್ಲಿದೆ. ಈಗ ಮನೆಗಳಲ್ಲಿ ಉಳಿದಿರುವ ವಂಶಾವಳಿಗಳಲ್ಲಿ ಎಷ್ಟೋ ಪ್ರತಿಗಳು ಪಿತೃಭಕ್ತಿಯಿಂದ ಬರೆದಿಟ್ಟವುಗಳಲ್ಲ. ಕಚೇರಿಗೆ ಒಪ್ಪಿಸುವುದಕ್ಕಾಗಿ ಸಿದ್ಧಪಡಿಸಿದವು. ಮುಂಬಯಿ ಸರ್ಕಾರದ ಧಾರವಾಡ ಪ್ರಾಂತದಲ್ಲಿ 1852ರ 11ನೆಯ ಕಾಯಿದೆಯನ್ವಯ ಇನಾಮು ಕಮಿಷನ್ನು ಹಕ್ಕುದಾರರನ್ನು ವಿಚಾರಿಸತೊಡಗಿತು. ನಿಜಾಮ ಸೀಮೆಯಲ್ಲಿಯೂ ಇನಾಮು ಮತ್ತು ಉತ್ತರಾಧಿಕಾರದ ವಿಚಾರಣೆಗಳು ಅತಿಯಾತ್ ಕಚೇರಿಯಲ್ಲಿ ನಡೆದವು. 1949ರಲ್ಲಿ ಜಹಗೀರುಗಳು ರದ್ದಾದ ಮೇಲೂ ಆ ವಿಚಾರಣೆ ನಿಲ್ಲಲಿಲ್ಲ. ಮೂಲಪುರುಷನಿಂದ ತನ್ನವರೆಗೆ ಸಂತತಿಯು ಕಡಿಯದೆ ಬಂದಿದೆಯೆಂದು ತೋರಿಸಿದವನಿಗೆ ಭೂಮಿ ಉಳಿಯುತ್ತಿತ್ತು. ಹೀಗಿರಲು, ಆಸ್ತಿಗೆ ಕುತ್ತು ತರಬಲ್ಲ ಹೆಸರನ್ನು ಅರ್ಜಿದಾರನು ತಾನಾಗಿಯೇ ಏಕೆ ಬರೆದಾನು?

ಕುತ್ತು ಎಂದದ್ದು ಉತ್ಪ್ರೇಕ್ಷೆಯಲ್ಲ. 1858ರಲ್ಲಿ ದಂಗೆಯೆದ್ದ ನರಗುಂದದ ಭಾಸ್ಕರರಾವ್ ಭಾವೆಯು ಗಲ್ಲಿಗೇರಿದುದಲ್ಲದೆ ಅವನ ಸಂಸ್ಥಾನವೂ ಮುಟ್ಟುಗೋಲಾಯಿತು. ಅದೇ ಕಾಲದ ಕೊಪ್ಪಳದ ಘಟನೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ಬಳ್ಳಾರಿ ಸೀಮೆಯಲ್ಲಿ ಕಂಪನಿಯ ಅಧಿಕಾರಿಯಾಗಿದ್ದು ಸೇವೆಯನ್ನು ಕಳೆದುಕೊಂಡಿದ್ದ ಮುಂಡರಗಿಯ ಭೀಮರಾಯನು, ಹಮ್ಮಿಗಿಯ ಕೆಂಚನಗೌಡನೊಡನೆ ಸೇರಿ, ಆ ವರ್ಷದ ಮೇ ತಿಂಗಳ ಕೊನೆಯಲ್ಲಿ ಡಂಬಳದ ಖಜಾನೆಯನ್ನು ಲೂಟಿ ಮಾಡಿ ಕೊಪ್ಪಳದ ಕೋಟೆಯನ್ನು ಹಿಡಿದನು. ಬಳ್ಳಾರಿಯ ಕಡೆಯಿಂದ ಬಂದ ಮೇಜರ್ ಹ್ಯೂಸನ ಸೈನ್ಯವು ಜೂನ್ 1ರಂದು ಕೋಟೆಯನ್ನು ಭೇದಿಸಿತು. ಇಬ್ಬರೂ ಅಲ್ಲಿಯೇ ಮಡಿದರು. ನಾಯಕರ ಹೆಸರುಗಳು ಹೀಗೆ ಉಳಿದವು. ಆದರೆ ಅವರೊಡನೆ ಕೋಟೆಯೊಳಗಿದ್ದವರು ಎಷ್ಟೋ ಮನೆಗಳಿಂದ ಹೋದವರು. ಆ ಮನೆಗಳಲ್ಲಿ ಉಳಿದ ಅಣ್ಣತಮ್ಮಂದಿರಿಗೆ, ಹೋದವನು ತಮ್ಮವನೇ ಅಲ್ಲವೆನ್ನುವುದಕ್ಕೆ ಬೇಕಾದಷ್ಟು ಕಾರಣವಿತ್ತು.

ಕೊಪ್ಪಳಕ್ಕೆ ಇದು ಹೊಸತೂ ಅಲ್ಲ. ಅದಕ್ಕೆ ಮೊದಲು, 1819ರಲ್ಲಿ, ವೀರಪ್ಪನೆಂಬ ಜಮೀನ್ದಾರನು ಕೊಪ್ಪಳ ಮತ್ತು ಬಹದ್ದೂರಬಂಡಿಯ ಕೋಟೆಗಳನ್ನು ವಶಪಡಿಸಿಕೊಂಡಿದ್ದನು. ಬ್ರಿಗೇಡಿಯರ್ ಜನರಲ್ ಪ್ರಿಟ್ಜ್‌ಲರನ ಸೈನ್ಯವು ಬಂದು ಅವುಗಳನ್ನು ಮರಳಿ ಪಡೆಯಬೇಕಾಯಿತು.

ಮನೆಯು ಮರೆಸಿದವನನ್ನು ಅವನ ವೈರಿಯು ಬರೆದಿಡುತ್ತಾನೆ. ಸರ್ಕಾರಕ್ಕೆ ದಂಗೆಕೋರನ ತಂದೆಯ ಹೆಸರು, ಊರು, ಹೊಲ, ಜಪ್ತಿಯಾದ ಎತ್ತುಗಳೆಲ್ಲವೂ ಬೇಕು. ಆದರೆ ಈ ಸೀಮೆಯ ದುರ್ದೈವವೆಂದರೆ 1858ರ ಒಂದೇ ಘಟನೆಯ ಕಾಗದಗಳು ಮೂರು ಸರ್ಕಾರಗಳಲ್ಲಿ ಹಂಚಿಹೋದುವು. ಡಂಬಳವು ಮುಂಬಯಿಗೂ ಬಳ್ಳಾರಿಯು ಮದರಾಸಿಗೂ ಸೇರಿದ್ದವು. ಕೊಪ್ಪಳ, ಯಲಬುರ್ಗಾಗಳು ಹೈದರಾಬಾದಿನೊಳಗೆ ಸಾಲಾರ್‌ಜಂಗನ ಜಹಗೀರಿಗೆ ಸೇರಿದ್ದವು. ಕುಷ್ಟಗಿ ಗಂಗಾವತಿಗಳಾದರೋ 1905ರವರೆಗೆ ಲಿಂಗಸೂಗೂರು ಜಿಲ್ಲೆಯಲ್ಲಿದ್ದು ಆಮೇಲೆ ರಾಯಚೂರಿಗೆ ಸೇರಿದುವು. 1956ರಲ್ಲಿ ನೆಲವು ಒಂದಾಯಿತೇ ಹೊರತು ಕಾಗದಗಳು ಒಂದಾಗಲಿಲ್ಲ. ಮೋಡಿ, ಪಾರ್ಸಿ, ಉರ್ದು, ಇಂಗ್ಲಿಷ್ ಇಷ್ಟನ್ನೂ ಬಲ್ಲ ಸಂಶೋಧಕನು ಎಲ್ಲಿದ್ದಾನೆ? ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಮೋಡಿಯನ್ನು ಕಲಿಯುವುದು ಒಳ್ಳೆಯದು.

ಗೆದ್ದವರು ಬರೆಸಿದ ವಂಶಚರಿತೆಯನ್ನು ಹೇಗೆ ಓದಬೇಕೆಂಬುದನ್ನು ಇದೇ ನೆಲದ ಪ್ರಾಚೀನ ಇತಿಹಾಸವೂ ಕಲಿಸುತ್ತದೆ. ಎರಂಬರಗೆಯ, ಎಂದರೆ ಇಂದಿನ ಯಲಬುರ್ಗಾದ, ಸಿಂದರು ಕಲ್ಯಾಣದ ಚಾಲುಕ್ಯರಿಗೆ ಸಾಮಂತರು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನು 1076ರಲ್ಲಿ ತನ್ನ ಅಣ್ಣನಾದ ಎರಡನೆಯ ಸೋಮೇಶ್ವರನನ್ನು ಪದಚ್ಯುತಗೊಳಿಸಿ ತನ್ನ ಹೆಸರಿನ ಶಕವನ್ನೇ ಆರಂಭಿಸಿದನು. ಅವನ ಆಸ್ಥಾನಕವಿ ಬಿಲ್ಹಣನ ಕಾವ್ಯದಲ್ಲಿ ಸೋಮೇಶ್ವರನೇ ಮನೆತನದ ದುಷ್ಟನು. ಆದರೆ 1068ರಿಂದ ಎಂಟು ವರ್ಷ ರಾಜ್ಯವಾಳಿದ ಈ ಭುವನೈಕಮಲ್ಲನ ದಾನಶಾಸನಗಳು ಕಲ್ಲಿನಲ್ಲಿ ಉಳಿದಿವೆ; ಅವುಗಳಲ್ಲಿ ಕಾಣುವವನು ಇತರ ಅರಸರಂತೆಯೇ ಒಬ್ಬ ಅರಸನು. ತಮ್ಮನ ಕವಿಯನ್ನು ಮಾತ್ರ ಓದಿದವನಿಗೆ ಅಣ್ಣನು ದಕ್ಕುವುದಿಲ್ಲ.

ಹಾಗೆಂದು ಮನೆಯ ಕಾಗದಗಳು ನಿರುಪಯುಕ್ತವೆಂದಲ್ಲ. ಅವುಗಳಲ್ಲಿರುವ ಬರಹಕ್ಕಿಂತ ಬಿಟ್ಟ ಸ್ಥಳಗಳನ್ನು ಹೆಚ್ಚಾಗಿ ಗಮನಿಸಬೇಕು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ರೂಢಿ. ನಾಲ್ಕಾರು ತಲೆ ಕ್ರಮವಾಗಿ ಮರಳಿಬಂದ ಹೆಸರುಗಳ ನಡುವೆ ಒಂದು ಹೆಸರು ಮತ್ತೆ ಬಾರದಿದ್ದರೆ ಅಲ್ಲಿ ನಿಲ್ಲಬೇಕು. ವತನವು ಹಿರಿಯ ಶಾಖೆಯನ್ನು ಬಿಟ್ಟು ಕಿರಿಯದಕ್ಕೆ ಹೊರಳಿದ್ದರೆ, ಯೌವನದಲ್ಲಿ ತೀರಿಕೊಂಡವನೊಬ್ಬನ ಮುಂದೆ ನಿಸ್ಸಂತಾನವೆಂದು ಬೇರೆ ಶಾಯಿಯಲ್ಲಿ ಬರೆದಿದ್ದರೆ, ಕಾರಣವಿಲ್ಲದೆ ದತ್ತಕವು ನಡೆದಿದ್ದರೆ, ಅಲ್ಲಿಯೂ ನಿಲ್ಲಬೇಕು. ಅಡ್ಡಹೆಸರೂ ಸಾಕ್ಷಿಯೇ. ಉತ್ತರ ಕರ್ನಾಟಕದಲ್ಲಿ ಬಿಟ್ಟುಬಂದ ಊರಿನ ಹೆಸರೇ ಹೊಸ ಊರಿನಲ್ಲಿ ಮನೆತನದ ಹೆಸರಾಗುವುದರಿಂದ, ಓಡಿಬಂದವನು ತನ್ನ ಕಥೆಯನ್ನು ಅಡಗಿಸಿದರೂ ಊರನ್ನು ಅಡಗಿಸಲಾರದೆ ಹೋಗುತ್ತಾನೆ.

ಇನ್ನು ಹೆಳವರು. ಎತ್ತಿನ ಮೇಲೆ ಗಂಟೆ ಬಾರಿಸುತ್ತ ಬಂದು, ಮನೆಯ ಮುಂದೆ ಕುಲದ ಮೂಲವನ್ನು ಹೇಳಿ ಧಾನ್ಯವನ್ನು ಪಡೆದು ಹೋಗುತ್ತಿದ್ದ ಇವರನ್ನು ವಿದ್ವಾಂಸರು ಭಿಕ್ಷುಕರ ಪಟ್ಟಿಯಲ್ಲಿ ಸೇರಿಸಿ ಬಿಟ್ಟದ್ದು ಅನ್ಯಾಯ. ಯಾವ ಕವಲು ಯಾವ ಊರಿಗೆ ಹೋಯಿತೆಂಬುದು ಅವರ ಪುಸ್ತಕದ ಮುಖ್ಯ ವಿಷಯ. ಹೆಳವನಿಗೆ ಮನೆಯ ಹೊಲದಲ್ಲಿ ಪಾಲಿಲ್ಲ. ಉಳಿದವನ ಮನೆಯಲ್ಲಿಯೂ ಹೋದವನ ಮನೆಯಲ್ಲಿಯೂ ಅವನಿಗೆ ಕಾಳು ಸಿಕ್ಕುವುದರಿಂದ ಕವಲನ್ನು ಅಳಿಸಿದರೆ ನಷ್ಟ ಅವನದೇ. ಆದರೂ ಅವನು ಮನೆಯೊಡೆಯನನ್ನು ಹೊಗಳಲು ಬಂದವನೆಂಬುದನ್ನು ಮರೆಯಬಾರದು. ಮೂಲಪುರುಷನ ಪರಾಕ್ರಮದ ಭಾಗವನ್ನು ಬದಿಗಿಟ್ಟು ಊರು ಮತ್ತು ಸಂಬಂಧಗಳ ಭಾಗವನ್ನು ಮಾತ್ರ ಪ್ರಮಾಣವಾಗಿ ಹಿಡಿಯುವುದು ಯುಕ್ತ.

ಸ್ವಾತಂತ್ರ್ಯಾನಂತರ ಇದಕ್ಕೆ ತದ್ವಿರುದ್ಧವಾದ ಅಪಾಯವೂ ಒದಗಿದೆ. ಹಿಂದೆ ಬಂಡಾಯಗಾರನನ್ನು ಅಳಿಸಿದ ಮನೆಗಳೇ ಈಗ ಒಬ್ಬ ಬಂಡಾಯಗಾರನಿಗಾಗಿ ಹುಡುಕುತ್ತಿವೆ. ಸಾಲಕ್ಕಾಗಿ ಊರು ಬಿಟ್ಟವನು ಒಮ್ಮೆಗೇ ಭೀಮರಾಯನ ಬಂಟನಾಗುತ್ತಾನೆ. ಜಪ್ತಿಯ ಪಟ್ಟಿಯಲ್ಲಿ ಅವನ ತಂದೆಯ ಹೆಸರು, ಹೆಳವನ ಪುಸ್ತಕದಲ್ಲಿ ಅವನ ಕವಲು, ಇವೆರಡೂ ಪರಸ್ಪರ ಸಂಬಂಧವಿಲ್ಲದೆ ಒಂದೇ ಊರನ್ನು ತೋರಿಸಿದಲ್ಲಿ ಮಾತ್ರ ಅವನನ್ನು ಕೊಪ್ಪಳದ ಕೋಟೆಯೊಳಗೆ ನಿಲ್ಲಿಸಲು ನಾವು ಒಪ್ಪುತ್ತೇವೆ. ಒಂದೇ ಇದ್ದಲ್ಲಿ ಅವನು ದೇಶಾಂತರ ಹೋದವನೆಂದೇ ಬರೆದಿಡತಕ್ಕದ್ದು.