ಮುರ್ಮುಗಾಂವ್ ಧಕ್ಕೆಗೆ ಬಂದ ಕಾರುಗಳು, ಮರೆಯಾದ ಮೋಟಾರ್ ರೇಸಿನ ದಿನಗಳು

ವಾಸ್ಕೊ ಪೇಟೆಯ ಬೈನಾ, ಮಾಂಗೋರ್ ಗುಡ್ಡದ ಕಡೆ ನೆಲೆ ನಿಂತ ಕನ್ನಡಿಗರಿಗೆ ಮುರ್ಮುಗಾಂವ್ ಬಂದರು ಎಂದರೆ ಅದಿರು, ಕಲ್ಲಿದ್ದಲು ಮತ್ತು ಅವುಗಳ ಧೂಳು. ಗಡಿಯಾಚೆಯ ಹಳ್ಳಿಗಳಿಂದ ಕೂಲಿ ಹುಡುಕಿಕೊಂಡು ಬಂದವರು ಕಂಡ ಬಂದರು ಇದೇ. ಅದಕ್ಕೂ ಹಿಂದೆ, ಪೋರ್ಚುಗೀಸರ ಆಡಳಿತದ ಕೊನೆಯ ವರ್ಷಗಳಲ್ಲಿ, ಇದೇ ಧಕ್ಕೆಗೆ ಹಡಗಿನ ಹೊಟ್ಟೆಯಿಂದ ಹೊಚ್ಚ ಹೊಸ ವಿದೇಶಿ ಕಾರುಗಳು ಇಳಿಯುತ್ತಿದ್ದವು. ಗಡಿಯ ಈಚೆಗೆ ಪರಿಸ್ಥಿತಿ ಬೇರೆಯಿತ್ತು. ಸ್ವತಂತ್ರ ಭಾರತದಲ್ಲಿ ವಿದೇಶಿ ಕಾರು ತರಿಸುವುದು ಕಷ್ಟವಾಗುತ್ತಾ ಹೋಗಿ, ಮುಂದಿನ ದಶಕಗಳಲ್ಲಿ ಒಂದು ಫಿಯೆಟ್ ಕಾರಿಗೂ ಹೆಸರು ಬರೆಸಿ ವರ್ಷಗಟ್ಟಲೆ ಕಾಯುವ ಕಾಲ ಬಂತು. ನಮ್ಮ ದೇಶದ ಹಳೆಯ ಮೋಟಾರ್ ರೇಸು ಮತ್ತು ರ‍್ಯಾಲಿಗಳು ಬೆಳೆದದ್ದು ಈ ಕೊರತೆಯ ನಡುವೆಯೇ.

ಬಂದರಿನ ಹಿನ್ನೆಲೆ

ಮುರ್ಮುಗಾಂವ್ ಬಂದರು ಮತ್ತು ಕ್ಯಾಸಲ್‌ರಾಕ್ ಕಡೆಯ ರೈಲುಮಾರ್ಗ ಎರಡೂ 1880ರ ದಶಕದವು. ಹುಬ್ಬಳ್ಳಿ, ಧಾರವಾಡ ಸೀಮೆಯ ಹತ್ತಿಯನ್ನು ಸಮುದ್ರಕ್ಕೆ ಮುಟ್ಟಿಸುವುದು ಆಗಿನ ಲೆಕ್ಕಾಚಾರ. 1955ರಲ್ಲಿ ಗೋವಾ ವಿಮೋಚನೆಯ ಸತ್ಯಾಗ್ರಹ ಬಿಸಿಯೇರಿದಾಗ ಭಾರತ ಸರಕಾರ ಗಡಿ ಬಿಗಿ ಮಾಡಿತು, ರೈಲು ಸಂಚಾರವೂ ನಿಂತಿತು. ಆಮೇಲೆ ಗೋವಾಕ್ಕೆ ಬೇಕಾದದ್ದೆಲ್ಲ ಸಮುದ್ರದ ಮೇಲೆ ಬರಬೇಕಾಯಿತು. ಆಲೂಗಡ್ಡೆ ಹಾಲೆಂಡಿನಿಂದ, ಸಿಮೆಂಟು ಜಪಾನಿನಿಂದ, ಉಕ್ಕು ಬೆಲ್ಜಿಯಮ್ಮಿನಿಂದ ಬಂತು. ಕಬ್ಬಿಣದ ಅದಿರು ಜಪಾನಿಗೂ ಪಶ್ಚಿಮ ಜರ್ಮನಿಗೂ ಹೋಗುತ್ತಿದ್ದುದರಿಂದ ಕೆಲವರ ಕೈಯಲ್ಲಿ ಹಣವೂ ಓಡಾಡುತ್ತಿತ್ತು. ಆ ಹಣದಲ್ಲಿ ಜರ್ಮನ್, ಬ್ರಿಟಿಷ್, ಅಮೆರಿಕನ್ ಕಾರುಗಳು ಬಂದವು. ವಿಮೋಚನೆಯ ನಂತರ ಗೋವಾ ನೋಡಲು ಬಂದ ಭಾರತೀಯರಿಗೆ ಇಲ್ಲಿ ಬಾಡಿಗೆಗೆ ಓಡುತ್ತಿದ್ದ ಮರ್ಸಿಡಿಸ್ ಕಾರುಗಳೇ ಒಂದು ಸೋಜಿಗವಾಗಿದ್ದವು.

ಕಾರುಗಳಿದ್ದವು, ಓಡಿಸಲು ರಸ್ತೆ ಮಾತ್ರ ಕಡಿಮೆ. ಜುವಾರಿ ನದಿಗೆ ಸೇತುವೆ ಆದದ್ದು 1983ರಲ್ಲಿ. ಅಲ್ಲಿಯವರೆಗೆ ವಾಸ್ಕೊದಿಂದ ಪಣಜಿಗೆ ಹೋಗುವ ಕಾರು ಕುಠ್ಠಾಳಿಯಲ್ಲಿ ಫೆರಿ ಹತ್ತಿ ಆಗಶಿಯಲ್ಲಿ ಇಳಿಯಬೇಕಿತ್ತು. ಇನ್ನೊಂದು ಸಂಗತಿ ಅನೇಕರಿಗೆ ತಿಳಿದಿಲ್ಲ. ಪೋರ್ಚುಗಲ್ ದೇಶ 1928ರಲ್ಲಿ ರಸ್ತೆಯ ಬಲಬದಿಯ ಸಂಚಾರಕ್ಕೆ ಬದಲಾಯಿತು. ಗೋವಾ ಮಾತ್ರ ನೆರೆಯ ಬ್ರಿಟಿಷ್ ಇಂಡಿಯಾದಂತೆ ಎಡಬದಿಯಲ್ಲೇ ಉಳಿಯಿತು. ಇಲ್ಲವಾದರೆ ಮಾಜಾಳಿಯಲ್ಲೋ ಅನಮೋಡದಲ್ಲೋ ಪ್ರತಿಯೊಂದು ಗಾಡಿಯೂ ಬದಿ ಬದಲಿಸಬೇಕಾಗುತ್ತಿತ್ತು.

ಪೋರ್ಚುಗೀಸರ ಕೈಯಲ್ಲಿದ್ದ ಮತ್ತೊಂದು ಬಂದರು ಪಟ್ಟಣವಾದ ಮಕಾವ್‌ನಲ್ಲಿ 1954ರಲ್ಲಿ ಊರ ಬೀದಿಗಳಲ್ಲೇ ಕಾರು ರೇಸು ಶುರುವಾಗಿ, ಅದು ಮುಂದೆ ಜಗತ್ಪ್ರಸಿದ್ಧ ಗ್ರ್ಯಾನ್ ಪ್ರಿ ಆಯಿತು. ಗೋವಾದಲ್ಲಿ ಅಂಥ ಪರಂಪರೆ ಬೆಳೆಯಲಿಲ್ಲ. ಹೀಗಾಗಿ ರೇಸಿನ ನೆನಪು ಹುಡುಕುವವರು ಬಂದರು ಬಿಟ್ಟು ದಕ್ಷಿಣಕ್ಕೆ, ಮದ್ರಾಸಿನ ಕಡೆಗೆ ಹೋಗಬೇಕಾಗುತ್ತದೆ.

ಯುದ್ಧ ಬಿಟ್ಟುಹೋದ ರನ್‌ವೇ

ಮದ್ರಾಸಿನಿಂದ ಉತ್ತರಕ್ಕೆ, ಕಲ್ಕತ್ತಾ ಹೆದ್ದಾರಿಯ ಬಳಿ ಶೋಲಾವರಂ ಎಂಬ ಊರಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿ ವಿಮಾನಗಳಿಗಾಗಿ ಒಂದು ರನ್‌ವೇ ಹಾಕಿದ್ದರು. ಯುದ್ಧ ಮುಗಿದ ಮೇಲೆ ಅದು ಖಾಲಿ ಬಿತ್ತು. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಅಲ್ಲಿ ರೇಸು ನಡೆಸತೊಡಗಿತು. ಕಲ್ಕತ್ತಾದ ಹತ್ತಿರ ಬ್ಯಾರಕ್‌ಪುರ, ಮುಂಬಯಿಯ ಜುಹು, ಇವು ಕೂಡ ವಿಮಾನದ ನೆಲದ ಮೇಲೆ ರೇಸು ಕಂಡ ಊರುಗಳು. ಆದರೆ ಹೆಸರು ನಿಂತದ್ದು ಶೋಲಾವರಂ ಒಂದರದೇ. ಸುಮಾರು ಮೂರೂವರೆ ದಶಕ ದೇಶದ ರೇಸಿಗೆ ಅದೇ ತವರು.

ರನ್‌ವೇ ಎಂದರೆ ನೇರವಾದ ಕಾಂಕ್ರೀಟು ಪಟ್ಟಿ. ತಿರುವು ಬೇಕೆಂದರೆ ಡ್ರಮ್ಮು, ಹುಲ್ಲಿನ ಪಿಂಡಿ, ಹಳೆಯ ಟೈರು ಇಟ್ಟು ಮಾಡಿಕೊಳ್ಳಬೇಕು. ಬಿಸಿಲಿಗೆ ಕಾದ ಕಾಂಕ್ರೀಟಿನ ಮೇಲೆ ಟೈರು ಬೇಗ ಸವೆಯುತ್ತಿತ್ತು. ಪ್ರೇಕ್ಷಕರು ಮಾತ್ರ ಸಾವಿರಗಟ್ಟಲೆ ಸೇರುತ್ತಿದ್ದರು. ನಮ್ಮ ಕಡೆಯ ಕಂಬಳಕ್ಕೆ ಜನ ಬರುವ ಹಾಗೆ ಬುತ್ತಿ ಕಟ್ಟಿಕೊಂಡು ಬರುವವರಿದ್ದರು ಎಂದರೆ ತಪ್ಪಾಗದು.

ಓಡಿದ ಗಾಡಿಗಳು ಯಾವುವು? ಹೆಚ್ಚಿನವು ಮನೆಯ ಗಾಡಿಗಳೇ. ಫಿಯೆಟ್ 1100, ಅಂದರೆ ಮುಂದೆ ಪ್ರೀಮಿಯರ್ ಪದ್ಮಿನಿ ಎಂದು ಹೆಸರಾದದ್ದು, ಸ್ಟ್ಯಾಂಡರ್ಡ್ ಹೆರಾಲ್ಡ್, ಕೆಲವೊಮ್ಮೆ ಅಂಬಾಸಿಡರ್. ಸೀಟು, ಬಂಪರು, ಬಾಗಿಲ ಒಳಹೊದಿಕೆ ಕಿತ್ತು ಭಾರ ಇಳಿಸುವುದು, ಎಂಜಿನ್ನಿನ ಹೆಡ್ಡು ತುಸು ತೇಯಿಸಿ ಒತ್ತಡ ಏರಿಸುವುದು, ಇನ್ನೊಂದು ಕಾರ್ಬ್ಯುರೇಟರ್ ಕೂರಿಸುವುದು, ಇದೆಲ್ಲ ಗಲ್ಲಿಯ ಗ್ಯಾರೇಜಿನಲ್ಲೇ ನಡೆಯಿತು. ವಿದೇಶದ ರೇಸು ಕಾರು ತರಿಸಿ ಓಡಿಸಿದವರು ಬೆರಳೆಣಿಕೆಯವರು. ಗೊಂಡಲ್ ಸಂಸ್ಥಾನದ ಮಹಾರಾಜರು ಅವರಲ್ಲೊಬ್ಬರು. 1980ರ ದಶಕದ ಆರಂಭದಲ್ಲಿ ವಿಜಯ್ ಮಲ್ಯ ಅವರು ಎನ್‌ಸೈನ್ ಎಂಬ ಫಾರ್ಮುಲಾ 1 ಕಾರನ್ನೇ ತಂದು ಶೋಲಾವರಂನಲ್ಲಿ ಓಡಿಸಿದರು. ಅದು ಹಣದ ಬಲ. ಉಳಿದವರದು ಸ್ಪ್ಯಾನರಿನ ಬಲ. ಹೆಚ್ಚು ನೆನಪಿಡಬೇಕಾದದ್ದು ಈ ಎರಡನೆಯ ಬಗೆಯವರನ್ನೇ.

ಮೈಸೂರಿನ ಜಾವಾ, ಬೆಂಗಳೂರಿನ ಡಾಲ್ಫಿನ್

ಈ ಕಥೆಯಲ್ಲಿ ಕರ್ನಾಟಕದ ಪಾಲು ಚಿಕ್ಕದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಚೆಕೊಸ್ಲೊವಾಕಿಯದ ಜಾವಾ ಬೈಕನ್ನು ಇಲ್ಲೇ ತಯಾರಿಸಲು ತೊಡಗಿತು. ಮುಂದೆ ಅದೇ ಯೆಜ್ಡಿ ಆಯಿತು. 250 ಸಿಸಿಯ ಟೂ ಸ್ಟ್ರೋಕ್ ಎಂಜಿನ್ನು, ಎರಡು ಸೈಲೆನ್ಸರ್, ಕಿಕ್ಕರನ್ನೇ ಮಡಚಿ ಗೇರು ಮಾಡಿಕೊಳ್ಳುವ ವ್ಯವಸ್ಥೆ. ಬಿಡಿಭಾಗ ಕಡಿಮೆ, ಬಿಚ್ಚಿ ಜೋಡಿಸುವುದು ಸುಲಭ. ಆದ್ದರಿಂದ ರೇಸಿಗೆ ಇಳಿಯುವ ಬಡ ಹುಡುಗರಿಗೂ ಅದು ಒದಗಿಬಂತು. ಮೈಸೂರಿನ ಸೋಮೇಂದರ್ ಸಿಂಗ್ ಅವರು ರೇಸಿನ ಬೈಕುಗಳ ಮೇಲೆ ಕೈ ಪಳಗಿಸಿಕೊಂಡು, ಎಂಜಿನ್ ಹೆಡ್ಡಿನಲ್ಲಿ ಸಣ್ಣ ಗೀರುಗಳನ್ನು ಕೊರೆದು ಇಂಧನ ಚೆನ್ನಾಗಿ ಉರಿಯುವಂತೆ ಮಾಡುವ ವಿಧಾನಕ್ಕೆ ಅಮೆರಿಕದ ಪೇಟೆಂಟ್ ಪಡೆದರು. ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಮುಚ್ಚಿತು.

ಬೆಂಗಳೂರಿನ ಸಿಪಾನಿ ಕಂಪನಿಯ ಡಾಲ್ಫಿನ್ ಕಾರು 1982ರಲ್ಲಿ ಬಂತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಎಂಬ ಕಾರಿನ ಮಾದರಿ ಅದು. 848 ಸಿಸಿ ಎಂಜಿನ್ನು, ಫೈಬರ್ ಗ್ಲಾಸಿನ ಮೈ. ಸಂಸಾರದ ಕಾರಾಗಿ ಅದು ಸೋತಿತು. ಮರುವರ್ಷ, 1983ರ ಡಿಸೆಂಬರಿನಲ್ಲಿ, ಮಾರುತಿ 800 ಬಂದ ಮೇಲಂತೂ ಕೇಳುವವರಿಲ್ಲ. ಆದರೆ ಹಗುರವಾದ ಈ ಗಾಡಿ ರೇಸಿನಲ್ಲೂ ರ‍್ಯಾಲಿಯಲ್ಲೂ ಭಾರದ ಫಿಯೆಟ್‌ಗಳನ್ನು ಹಿಂದಿಕ್ಕಿತು. ಅಂಗಡಿಯಲ್ಲಿ ಸೋತು ಮೈದಾನದಲ್ಲಿ ಗೆದ್ದ ಕಾರು ಎಂದು ಹಳಬರು ಅದನ್ನು ನೆನೆಯುವುದು ಇದಕ್ಕೇ.

ಕೊಯಮತ್ತೂರಿನ ಎಸ್. ಕರಿವರ್ಧನ್ 1980ರ ದಶಕದ ಕೊನೆಯಲ್ಲಿ ಮಾರುತಿ 800ರ ಎಂಜಿನ್ನನ್ನೇ ಬಳಸಿ ಒಂದೇ ಸೀಟಿನ ರೇಸು ಕಾರು ಕಟ್ಟಿದರು. ಅದರ ಹೆಸರು ಫಾರ್ಮುಲಾ ಮಾರುತಿ. ವಿದೇಶದಿಂದ ತರಿಸದೆ ಇಲ್ಲೇ ಕಲಿಯುವ ದಾರಿ ತೆರೆದದ್ದು ಆಗ. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಫಾರ್ಮುಲಾ ಮಾರುತಿಯಲ್ಲಿ ರೇಸಿಗೆ ಕಾಲಿಟ್ಟ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ 1 ಓಡಿಸಿದ ಮೊದಲ ಭಾರತೀಯರಾದರು. ಅಷ್ಟರೊಳಗೆ ಶೋಲಾವರಂ ಇತಿಹಾಸ ಸೇರಿತ್ತು. 1990ರಲ್ಲಿ ಶ್ರೀಪೆರುಂಬುದೂರು ಬಳಿಯ ಇರುಂಗಾಟ್ಟುಕೋಟ್ಟೈಯಲ್ಲಿ ಹೊಸ ಟ್ರ್ಯಾಕ್ ತೆರೆದಿತ್ತು.

ರ‍್ಯಾಲಿ ಎಂದರೇನು?

ರೇಸು ಮತ್ತು ರ‍್ಯಾಲಿ ಒಂದೇ ಎಂದು ತಿಳಿದವರು ಬಹಳ. ರೇಸಿನಲ್ಲಿ ಗಾಡಿಗಳು ಒಟ್ಟಿಗೆ ಹೊರಟು ಒಂದೇ ಟ್ರ್ಯಾಕಿನಲ್ಲಿ ಸುತ್ತುತ್ತವೆ. ರ‍್ಯಾಲಿಯಲ್ಲಿ ಒಂದೊಂದೇ ಗಾಡಿ ಒಂದೆರಡು ನಿಮಿಷ ಬಿಟ್ಟು ಹೊರಡುತ್ತದೆ. ಗೆಲ್ಲಬೇಕಾದದ್ದು ಗಡಿಯಾರದ ಎದುರು. ಚಾಲಕನ ಪಕ್ಕದಲ್ಲಿ ದಾರಿ ಹೇಳುವ ನ್ಯಾವಿಗೇಟರ್ ಇರುತ್ತಾನೆ.

ಹಳೆಯ ರ‍್ಯಾಲಿಗಳಲ್ಲಿ ವೇಗಕ್ಕಿಂತ ಲೆಕ್ಕ ಮುಖ್ಯ. ಉದಾಹರಣೆಗೆ 27 ಕಿ.ಮೀ. ದಾರಿಯನ್ನು ಗಂಟೆಗೆ 36 ಕಿ.ಮೀ. ಸರಾಸರಿಯಲ್ಲಿ ಕ್ರಮಿಸಿ ಎಂದರೆ 45 ನಿಮಿಷಕ್ಕೆ ಸರಿಯಾಗಿ ಚೌಕಿ ಮುಟ್ಟಬೇಕು. ತಡವಾದರೂ ದಂಡ, ಮುಂಚೆ ಬಂದರೂ ದಂಡ. ಚೌಕಿ ಎಲ್ಲಿದೆ ಎಂದು ಮೊದಲೇ ಹೇಳುತ್ತಿರಲಿಲ್ಲ. ದನದ ಹಿಂಡು ಅಡ್ಡ ಬಂದು ಐದು ನಿಮಿಷ ಕಳೆದರೆ ಆ ಐದು ನಿಮಿಷವನ್ನು ಮುಂದಿನ ದಾರಿಯಲ್ಲಿ ಚೂರುಚೂರಾಗಿ ಸಂಪಾದಿಸಬೇಕು. ಕ್ಯಾಲ್ಕುಲೇಟರ್ ಕೂಡ ದುರ್ಲಭವಾಗಿದ್ದ ಕಾಲದಲ್ಲಿ ಟಾರ್ಚಿನ ಬೆಳಕಲ್ಲಿ ಕೋಷ್ಟಕ ನೋಡಿ ಈ ಲೆಕ್ಕ ಮಾಡುತ್ತಿದ್ದರು. ನಂತರ ರಸ್ತೆಯನ್ನು ಮುಚ್ಚಿ ಪೂರ್ಣ ವೇಗದಲ್ಲಿ ಓಡಿಸುವ ಸ್ಪೆಷಲ್ ಸ್ಟೇಜ್‌ಗಳು ಬಂದವು.

ಭಾರತದಲ್ಲಿ ಈ ಬಗೆಯ ಓಟ ಹೊಸದೇನಲ್ಲ. ದಿಲ್ಲಿಯಿಂದ ಮುಂಬಯಿಗೆ ಮೋಟಾರುಗಳ ತಾಳಿಕೆ ಪರೀಕ್ಷೆಯ ಓಟ ನಡೆದದ್ದು 1904ರ ಕೊನೆಯಲ್ಲಿ. ಪಶ್ಚಿಮ ಕರಾವಳಿಯ ಜನರ ಕಿವಿಗೆ ದೊಡ್ಡದಾಗಿ ಬಿದ್ದದ್ದು 1968ರ ಲಂಡನ್–ಸಿಡ್ನಿ ಮ್ಯಾರಥಾನ್. ನವೆಂಬರ್ 24ರಂದು ಲಂಡನ್ನಿನಿಂದ ಹೊರಟ 98 ಕಾರುಗಳು ಟರ್ಕಿ, ಇರಾನ್, ಅಫಘಾನಿಸ್ತಾನ ದಾಟಿ ಮುಂಬಯಿಗೆ ಬಂದವು. ಅಲ್ಲಿ ಉಳಿದ ಕಾರುಗಳನ್ನು ಚೂಸನ್ ಎಂಬ ಹಡಗಿಗೆ ಏರಿಸಿ ಆಸ್ಟ್ರೇಲಿಯಾಕ್ಕೆ ಸಾಗಿಸಿದರು. ಕೊನೆಯ ದಿನ ಮುಂದಿದ್ದ ಸಿಟ್ರೊಯೆನ್ ಕಾರು ಎದುರಿನಿಂದ ಬಂದ ಗಾಡಿಗೆ ಡಿಕ್ಕಿಯಾಗಿ, ಆಂಡ್ರ್ಯೂ ಕೋವನ್ ಅವರ ಹಿಲ್ಮನ್ ಹಂಟರ್ ಗೆದ್ದಿತು.

1970ರ ದಶಕದಿಂದ ನಮ್ಮಲ್ಲೂ ರ‍್ಯಾಲಿಗಳು ಬೇರೂರಿದವು. ದಕ್ಷಿಣ ಭಾರತ ರ‍್ಯಾಲಿಯನ್ನು ನಾರಾಯಣ್ ಅವರ ತಂದೆ ಜಿ.ಆರ್. ಕಾರ್ತಿಕೇಯನ್ ಹಲವು ಬಾರಿ ಗೆದ್ದರು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕರ್ನಾಟಕ 1000 ರ‍್ಯಾಲಿ, ಜನರ ಬಾಯಲ್ಲಿ ಕೆ-1000, ಸಾವಿರ ಕಿ.ಮೀ. ದೂರದಿಂದಲೇ ಹೆಸರು ಪಡೆಯಿತು. ಮುಂಬಯಿಯ ನಜೀರ್ ಹುಸೇನ್ 1980ರಲ್ಲಿ ಆರಂಭಿಸಿದ ಹಿಮಾಲಯನ್ ರ‍್ಯಾಲಿಗೆ ವಿದೇಶಿ ಚಾಲಕರೂ ಬಂದರು. ಚಿಕ್ಕಮಗಳೂರಿನ ಕಾಫಿ ತೋಟಗಳ ಒಳರಸ್ತೆಗಳು ಒಳ್ಳೆಯ ಸ್ಟೇಜ್‌ಗಳಾದವು. 2010ರ ದಶಕದಲ್ಲಿ ಏಷ್ಯಾ ಪೆಸಿಫಿಕ್ ಚಾಂಪಿಯನ್‌ಶಿಪ್ಪಿನ ಸುತ್ತುಗಳೂ ಅಲ್ಲಿ ನಡೆದವು. ಅದೇ ದಶಕದಲ್ಲಿ ದಕ್ಷಿಣ್ ಡೇರ್ ರ‍್ಯಾಲಿ ಬೆಂಗಳೂರಿನಿಂದ ಹೊರಟು ಉತ್ತರ ಕರ್ನಾಟಕ ದಾಟಿ ಗೋವಾವನ್ನೂ ಮುಟ್ಟಿದ್ದುಂಟು.

ರ‍್ಯಾಲಿ ಹಾದುಹೋಗುವ ಹಳ್ಳಿಯವರು ಒಂದು ಮಾತು ಗಮನಿಸಬೇಕು. ಮುಚ್ಚಿದ ರಸ್ತೆ ಎಂದರೆ ಮುಚ್ಚಿದ್ದೇ. 2019ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ಬಾಡಮೇರ್ ಜಿಲ್ಲೆಯಲ್ಲಿ ರಾಷ್ಟ್ರೀಯ ರ‍್ಯಾಲಿಯ ಸ್ಟೇಜ್‌ಗೆ ಬಂದ ಬೈಕಿಗೆ ರ‍್ಯಾಲಿ ಕಾರು ಬಡಿದು ಒಂದೇ ಕುಟುಂಬದ ಮೂವರು ಸತ್ತರು. ಮಾರ್ಷಲ್ ಹಗ್ಗ ಕಟ್ಟಿದರೆ ಸಾಲದು. ಹಗ್ಗ ಯಾಕೆ ಕಟ್ಟಿದೆ ಎಂದು ಹಿಂದಿನ ದಿನವೇ ಊರಿಗೆ, ಊರಿನ ಭಾಷೆಯಲ್ಲಿ, ತಿಳಿಸುವುದು ಸಂಘಟಕರ ಹೊಣೆ. ಗಡಿ ಭಾಗದಲ್ಲಿ ಕನ್ನಡ, ಕೊಂಕಣಿ, ಮರಾಠಿ ಮೂರರಲ್ಲೂ ಹೇಳಬೇಕಾದೀತು.

ಕೊಟ್ಟಿಗೆಯಲ್ಲಿ ನಿಂತ ಗಾಡಿಗಳು

ಹಳೆಯ ಗಾಡಿಗಳ ಮೆರವಣಿಗೆಯಂತಹ ವಿಂಟೇಜ್ ರ‍್ಯಾಲಿ ಬೇರೆಯೇ ಬಗೆಯದು. ಸ್ಟೇಟ್ಸ್‌ಮನ್ ಪತ್ರಿಕೆ 1964ರಲ್ಲಿ ದಿಲ್ಲಿಯಲ್ಲಿ ಇದನ್ನು ಆರಂಭಿಸಿತು. ಇಲ್ಲಿ ಅಂಕ ವೇಗಕ್ಕಿಂತ ಗಾಡಿ ಎಷ್ಟು ಮೂಲ ರೂಪದಲ್ಲಿದೆ ಎಂಬುದಕ್ಕೆ. ನಮ್ಮ ಕಡೆಯವರು ಹಳೆಯ ಕಾರುಗಳನ್ನು ನೋಡಬೇಕೆಂದರೆ ಧರ್ಮಸ್ಥಳದ ಸಂಗ್ರಹಾಲಯವಿದೆ. ಡಾ. ವೀರೇಂದ್ರ ಹೆಗ್ಗಡೆಯವರು ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣದ ಸಮೀಪ 2023ರಲ್ಲಿ ತೆರೆದ ಪಯಣ ಸಂಗ್ರಹಾಲಯವೂ ಇದೆ.

ಸಮುದ್ರದ ಉಪ್ಪುಗಾಳಿ ತಗಡಿಗೆ ಶತ್ರು. ಮುರ್ಮುಗಾಂವ್ ಧಕ್ಕೆಯಲ್ಲಿ ಇಳಿದ ಕಾರುಗಳಲ್ಲಿ ಬಹಳಷ್ಟು ತುಕ್ಕು ಹಿಡಿದು ಗುಜರಿ ಸೇರಿವೆ. ಉಳಿದ ಒಂದೊಂದು ಮನೆಯ ಹಿಂದಿನ ಮಾಡಿನಲ್ಲಿ, ತೆಂಗಿನ ಗರಿಯ ಕೆಳಗೆ ನಿಂತಿರಬಹುದು. ಅಂಥವರಿಗೆ ಉಪಯೋಗವಾಗುವ ನಿಯಮವೊಂದು 2021ರ ಜುಲೈನಲ್ಲಿ ಬಂದಿದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಹೆಚ್ಚೇನೂ ಬದಲಾವಣೆ ಮಾಡದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ಖಾಸಗಿ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಿಯಮದಲ್ಲಿ ನಿಗದಿಯಾದ ಶುಲ್ಕ ಹೊಸ ನೋಂದಣಿಗೆ 20,000 ರೂಪಾಯಿ, ಮರು ನೋಂದಣಿಗೆ 5,000 ರೂಪಾಯಿ; ಅವಧಿ 10 ವರ್ಷ. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ನಂತರ ವಿಎ ಎಂಬ ಗುರುತು ಬರುತ್ತದೆ. ಇಂಥ ಗಾಡಿಯನ್ನು ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ಇಂಧನ ತುಂಬಿಸುವುದು ಮತ್ತು ರಿಪೇರಿಗೆ ಮಾತ್ರ ರಸ್ತೆಗೆ ಇಳಿಸಬಹುದು. ಪೋರ್ಚುಗೀಸ್ ಕಾಲದ ಗಾಡಿಯಾದರೆ ಆಗಿನ ಕಾಗದಪತ್ರ, ಬಂದರಿನ ಸುಂಕದ ರಸೀದಿ ಏನಾದರೂ ಪೆಟ್ಟಿಗೆಯಲ್ಲಿದ್ದರೆ, ಭಾಷೆ ಓದಲು ಬಾರದೆಂದು ಎಸೆಯದೆ ಗಾಡಿಯ ಜೊತೆಗೇ ಇಟ್ಟುಕೊಳ್ಳುವುದು ಒಳ್ಳೆಯದು.